ಕಿವಿಯಿಂದ ತಿದ್ದಿದ ಪಾಠಗಳು

ಆಸ್ಪತ್ರೆಯ ಮೆಟ್ಟಿಲಡಿಯ ಕೋಣೆಯಲ್ಲಿ ಕೂತು ಫೋನ್ ಜೋಡಿಸುತ್ತಿದ್ದ ಆ ಆಪರೇಟರಿಗೆ ಎರಡು ಕಣ್ಣೂ ಕಾಣುತ್ತಿರಲಿಲ್ಲ. ಹೊಟ್ಟೆಪಾಡು ಫೋನಿನದು, ಜೀವ ಇದ್ದದ್ದು ಮಾತ್ರ ಒಂದು ಕಂಪ್ಯೂಟರ್ ಭಾಷೆಯಲ್ಲಿ. ಯಾರೊಬ್ಬರ ಸ್ವತ್ತೂ ಅಲ್ಲದ, ಯಾರು ಬೇಕಾದರೂ ಬಳಸಿ ಬೆಳೆಸಬಹುದಾದ ಭಾಷೆ. ಎಲ್ಲೆಲ್ಲಿಯವರೋ ತಮ್ಮ ಬಿಡುವಿನಲ್ಲಿ ಕಟ್ಟಿದ್ದು. ಹೊಸಬರಿಗಾಗಿ ಆ ಬಳಗ ಬರೆದ ಪಾಠಗಳನ್ನು ಇವನು ಹನ್ನೆರಡು ವರ್ಷ ಸಂಬಳವಿಲ್ಲದೆ ತಿದ್ದಿದ. ಪರದೆಯನ್ನು ಓದಿ ಹೇಳುವ ತಂತ್ರಾಂಶ ಚುಕ್ಕೆ, ಆವರಣಗಳನ್ನೂ ಬಿಡದೆ ಉಚ್ಚರಿಸುತ್ತದೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದವರಿಗೂ ಸಿಗದ ತಪ್ಪು ಇವನ ಕಿವಿಗೆ ಸಿಕ್ಕಿಬೀಳುತ್ತಿತ್ತು. ಬಳಗದವರು ಇಟ್ಟ ಹೆಸರೇ ‘ಅಲ್ಪವಿರಾಮ’.

“ಲೋ ಅಲ್ಪವಿರಾಮ, ಸ್ವಲ್ಪ ವಿರಾಮ ತಗೊಂಡು ಊಟ ಮಾಡೋ!” ಎಂದು ಜೊತೆಗಿದ್ದ ಅಕ್ಕ ರೇಗುತ್ತಿದ್ದಳು.

ಆಮೇಲೆ ಒಂದು ದೊಡ್ಡ ಕಂಪನಿ ಆ ಭಾಷೆಗೆ ಪ್ರಾಯೋಜಕತ್ವ ವಹಿಸಿತು. ಕೆಟ್ಟ ಕಂಪನಿಯೇನಲ್ಲ. ಸರ್ವರುಗಳ ಹೊರೆ ಹೊತ್ತಿತು, ಐದು ಜನರನ್ನು ಕೆಲಸಕ್ಕಿಟ್ಟಿತು, ಥಳಥಳಿಸುವ ಹೊಸ ಜಾಲತಾಣ ಮಾಡಿಸಿತು. ಇವನೂ ಹಿರಿಹಿರಿ ಹಿಗ್ಗಿ ಅದನ್ನು ತೆರೆದ. ತಂತ್ರಾಂಶ “ಬಟನ್, ಬಟನ್, ಚಿತ್ರ” ಎಂದು ಸುಮ್ಮನಾಯಿತು. ಪಾಠಗಳೆಲ್ಲ ಒಳಗಿದ್ದವು, ದಾರಿ ಮಾತ್ರ ಕಣ್ಣಿದ್ದವರಿಗೆ.

ಬಳಗದ ಆನ್‌ಲೈನ್ ಸಭೆಯಲ್ಲಿ ಹೇಳಿದ: “ನನಗೆ ಒಂದಕ್ಷರಾನೂ ಕೇಳಿಸ್ತಿಲ್ಲ. ಸರಿ ಮಾಡೋವರೆಗೆ ಹಳೇ ತಾಣ ಉಳಿಸ್ಕೊಳ್ಳಿ.”

“ಖಂಡಿತ ಸರಿ ಮಾಡ್ತೀವಿ ಸರ್, ಪಟ್ಟಿಗೆ ಸೇರಿಸಿದೀವಿ,” ಎಂದಳು ಕಂಪನಿಯ ವ್ಯವಸ್ಥಾಪಕಿ. “ಆದ್ರೆ ಎರಡೆರಡು ತಾಣ ನೋಡ್ಕೊಳ್ಳೋಕೆ ಜನ ಇಲ್ಲ. ನಿಮ್ಮ ಬಳಗಾನೇ ಮತ ಹಾಕಿ ತೀರ್ಮಾನ ಮಾಡ್ಲಿ.”

ಕಂಪನಿಯನ್ನು ಬೈದು ಕೈ ತೊಳೆದುಕೊಳ್ಳುವುದು ಸುಲಭ. ಹಳೇ ತಾಣ ಮುಚ್ಚೋಣ ಎಂದದ್ದು ಬಳಗ. ಉಳಿಸಲು ಬಿದ್ದದ್ದು ಒಂದೇ ಮತ, ಇವನದು. ಇವನೇ ತಿದ್ದಿ ತೀಡಿ ಕಲಿಸಿದ ಬ್ಯಾಂಕ್ ಗುಮಾಸ್ತನೂ ಆ ಕಡೆಗೇ ಹೋದ. “ಬೇಜಾರು ಮಾಡ್ಕೋಬೇಡಿ ಗುರುಗಳೇ, ಒಂದಾರು ತಿಂಗಳು ಅಷ್ಟೇ,” ಎಂದ.

ಮರುವಾರ ಹೊಸ ತಾಣದಲ್ಲಿ ಇವನಿಗೊಂದು ವಂದನೆಯ ಪುಟ ಬಂತು. ಅದೂ ತಂತ್ರಾಂಶ ಓದಲಾಗದ ಚಿತ್ರವೇ ಆದ್ದರಿಂದ ಅಕ್ಕ ಓದಬೇಕಾಯಿತು.

“‘ನಿಮ್ಮ ಕಿವಿಯೇ ನಮ್ಮೆಲ್ಲರ ಕಣ್ಣು’ ಅಂತ ಹಾಕಿದಾರೆ ಕಣೋ. ಸುತ್ತ ಹೂವು ಬಿಡಿಸಿದಾರೆ.”

“ಹೌದಾ,” ಎಂದ.

ಹಳೇ ತಾಣ ಮುಚ್ಚುವ ಹಿಂದಿನ ದಿನ ಅವನು ಕೆಲಸಕ್ಕೆ ರಜೆ ಹಾಕಿದ. ಹೆಡ್‌ಫೋನ್ ಹಾಕಿಕೊಂಡು ಬೆಳಗ್ಗೆಯಿಂದ ಒಂದೊಂದೇ ಪಾಠ ಕೇಳಿದ, ಒಂದು ಆವರಣವನ್ನೂ ಬಿಡದೆ. ಅಕ್ಕ ಊಟಕ್ಕೆ ಕರೆಯಲಿಲ್ಲ. ತಟ್ಟೆ ತಂದು ಪಕ್ಕದಲ್ಲಿಟ್ಟಳು. ಸಂಜೆ ಕೊನೆಯ ಪಾಠವೂ ಮುಗಿದು ಅವನು ಕೂತೇ ಇದ್ದಾಗ ಬಂದು ಹೆಗಲ ಮೇಲೆ ಕೈಯಿಟ್ಟಳು. ಅವನು ಅಳುತ್ತಿದ್ದ.

“ಏನೋ, ತಪ್ಪೇನಾದ್ರೂ ಸಿಕ್ತಾ?”

“ಇಲ್ಲ ಕಣಕ್ಕ,” ಎಂದ. “ಚೆನ್ನಾಗೇ ಬರೆದಿದ್ವಿ.”