ಶನಿವಾರದ ಸಿಟ್ಟಿನ ಕ್ಲಾಸು

ಆಗ ನರಸಿಂಹರಾಜಪುರದ ನಮ್ಮ ಹೈಸ್ಕೂಲಿನಲ್ಲಿ ಸಿಟ್ಟಿಗೂ ಒಂದು ಪೀರಿಯಡ್ ಇತ್ತು. ಶನಿವಾರ ಉಳಿದವರೆಲ್ಲ ಬಸ್ ಹತ್ತಿದ ಮೇಲೆ ನಾವು ಐದು ಜನ ಪುಂಡರು ಲ್ಯಾಬಿನಲ್ಲಿ ಕೂರಬೇಕು. ಜಡೆ ಎಳೆದವಳ ಕೈ ಕಚ್ಚಿದ್ದ ನಾನು, ಸತ್ತ ಅಮ್ಮನ ಸುದ್ದಿ ಎತ್ತಿದವರ ಮೇಲೆ ಕಂಪಾಸ್ ಬಾಕ್ಸ್ ಎಸೆಯುತ್ತಿದ್ದ ನಮ್ಮೂರು ಕಡಹಿನಬೈಲಿನ ರತ್ನ, ಮತ್ತೆ ಮೂವರು. ಇನ್ನೊಂದು ಜಗಳವಾದರೆ ಟಿ.ಸಿ. ಕೊಟ್ಟು ಕಳಿಸುವುದಾಗಿ ಹೆಡ್‌ಮಾಸ್ಟರು ರತ್ನಳಿಗೆ ಹೇಳಿಬಿಟ್ಟಿದ್ದರು. ನಾನಂತೂ ಮನೆಯಲ್ಲಿ ಗಣಿತದ ಸ್ಪೆಷಲ್ ಕ್ಲಾಸ್ ಎಂದು ಸುಳ್ಳು ಹೇಳಿದ್ದೆ.

ಕೊಪ್ಪದಿಂದ ಬರುತ್ತಿದ್ದ ಕೌನ್ಸೆಲರ್ ಅಕ್ಕನ ಚೀಲದಲ್ಲಿ ನಮಗೆಂದು ಹುರಿಗಡಲೆ ಇರುತ್ತಿತ್ತು. ಅದರ ಬಿಸಿ ವಾಸನೆ ಈಗಲೂ ಮೂಗಿನಲ್ಲಿದೆ. ಸಿಟ್ಟು ಬಂದಾಗ ನಮ್ಮ ಹೆಸರು ನಾವೇ ಕರೆದುಕೊಂಡು ನಮ್ಮ ಜೊತೆ ನಾವೇ ಮಾತಾಡಿಕೊಳ್ಳುವುದನ್ನು ಅವರು ಕಲಿಸಿದರು. ಮೊದಲು ಗಟ್ಟಿಯಾಗಿ, ಆಮೇಲೆ ಪಿಸುಮಾತಿನಲ್ಲಿ, ಕೊನೆಗೆ ಮನಸ್ಸಿನೊಳಗೆ.

“ನಿಲ್ಲು ರತ್ನ. ಈಗ ಎಂತ ಆಯ್ತು? ನೀ ಎಂತ ಮಾಡ್ತೀಯ? ಮಾಡಿದ್ರೆ ಆಮೇಲೆ ಎಂತ ಆಗ್ತದೆ?”

ನಾವು ಕಿಸಿಕಿಸಿ ನಗುತ್ತಾ ಒಪ್ಪಿಸಿದೆವು. ರತ್ನ ಮಾತ್ರ ನಂಬಿದಳು. ಒಂದು ತಿಂಗಳು ಅವಳ ಕಂಪಾಸ್ ಬಾಕ್ಸ್ ಬ್ಯಾಗಿನಿಂದ ಹಾರಲಿಲ್ಲ.

ಒಂದು ಭಾನುವಾರ ಅವಳು ಅಜ್ಜಿಯ ಜೊತೆ ಅಡಿಕೆ ಸುಲಿಯಲು ಹೋಗಿದ್ದಳು. ಅಲ್ಲಿ ಯಾರೋ ಅವಳಮ್ಮನ ಮಾತೆತ್ತಿದರು. ರತ್ನ ಅಡಿಕೆಯನ್ನು ಕೆಳಗಿಟ್ಟು, ತನ್ನ ಹೆಸರು ತಾನೇ ಕರೆದು, ಗಟ್ಟಿಯಾಗಿ ಕೇಳಿಕೊಂಡು ತಾನೇ ಉತ್ತರ ಕೊಟ್ಟಳಂತೆ. ಸುಲಿಯುತ್ತಿದ್ದ ಹೆಂಗಸರ ಕೈ ನಿಂತಿತು. ಸತ್ತ ಅಮ್ಮನೇ ಮಗಳ ಮೈಮೇಲೆ ಬಂದಿದ್ದಾಳೆ ಎಂದು ಸಂಜೆಯೊಳಗೆ ಊರೆಲ್ಲ ಸುದ್ದಿ. ದೆವ್ವ ಬಿಡಿಸಲೆಂದು ನೋಟ ನೋಡುವವನು ಅವಳ ಕೈಗೆ ಕಪ್ಪು ದಾರ ಕಟ್ಟಿದ. ಅದು ಶಾಲೆಯ ಪಾಠ ಎಂದು ರತ್ನ ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ.

ಮರುದಿನ ಬೆಳಿಗ್ಗೆ ಕಡಹಿನಬೈಲಿನ ಬಸ್‌ಸ್ಟಾಪಿಗೆ ಅಜ್ಜಿ ಅವಳ ಕೈ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಪಕ್ಕದಲ್ಲೇ ನಮ್ಮ ಚಿಕ್ಕಪ್ಪ ನಿಂತಿದ್ದ.

“ನೀನಾದ್ರೂ ನಿಜ ಹೇಳು ಮಗಾ. ಒಬ್ಳೇ ಮಾತಾಡೋದನ್ನ ಶಾಲೇಲಿ ಹೇಳ್ಕೊಡ್ತಾರಾ?”

ನಾನು ಅಕ್ಕ ಕಲಿಸಿದ ಹಾಗೇ ಮನಸ್ಸಿನೊಳಗೆ ಕೇಳಿಕೊಂಡೆ. ಹೇಳಿದರೆ ಆಮೇಲೆ ಎಂತ ಆಗ್ತದೆ? ನನ್ನ ಸುಳ್ಳು ಹೊರಬೀಳುತ್ತದೆ, ನನ್ನ ಕೈಗೂ ದಾರ ಬರುತ್ತದೆ.

“ನಂಗೆ ಗೊತ್ತಿಲ್ಲ ಅಜ್ಜಿ.”

ರತ್ನ ನನ್ನನ್ನೇ ನೋಡಿದಳು. ಮುಷ್ಟಿ ಬಿಗಿಯಿತು. ತುಟಿ ಅಲುಗಿತು, ದನಿ ಬರಲಿಲ್ಲ. ಮುಷ್ಟಿ ನಿಧಾನವಾಗಿ ಬಿಚ್ಚಿಕೊಂಡಿತು. ಅವಳು ನನಗೆ ಹೊಡೆಯಲಿಲ್ಲ.

ಅಕ್ಕ ಅವಳ ಮನೆ ಹುಡುಕಿಕೊಂಡು ಹೋಗುವಷ್ಟರಲ್ಲಿ ಅಜ್ಜಿ ಅವಳನ್ನು ಶೃಂಗೇರಿ ಕಡೆಯ ನೆಂಟರಲ್ಲಿಗೆ ಕಳಿಸಿಯಾಗಿತ್ತು. ಹತ್ತನೇ ಕ್ಲಾಸಿನ ಹಾಜರಿಯಲ್ಲಿ ಅವಳ ಹೆಸರಿರಲಿಲ್ಲ.

ಮೊನ್ನೆ ಶೃಂಗೇರಿ ಬಸ್ಸಿನಲ್ಲಿ ಅರ್ಧ ಜನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬೊಬ್ಬರೇ ಮಾತಾಡುತ್ತಿದ್ದರು. ಯಾರೂ ತಿರುಗಿ ನೋಡಲಿಲ್ಲ. ಅಳು ಬಂತು. ನನಗೀಗ ಸಿಟ್ಟೇ ಬರುವುದಿಲ್ಲ, ಒಳ್ಳೆಯ ಹೆಂಗಸು ಎನ್ನುತ್ತಾರೆ. ಅವತ್ತು ರತ್ನ ನನ್ನ ಕೆನ್ನೆಗೊಂದು ಬಾರಿಸಬೇಕಿತ್ತು.