ಮಡಿವಾಳೆಪ್ಪ ಮಾಸ್ತರರು ಬೇರು ವಿಚಾರಿಸಿದ್ದು

ಸಂಶಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಮಡಿವಾಳೆಪ್ಪ ಹೊಸಮನಿ ಮಾಸ್ತರರು ಮೊಸರಿನಲ್ಲಿ ಕಲ್ಲು ಹುಡುಕುವ ಮನುಷ್ಯ. ಹಾಲಿನವನನ್ನು ನಂಬುತ್ತಿರಲಿಲ್ಲ, ರೇಡಿಯೋದ ಹವಾಮಾನ ನಂಬುತ್ತಿರಲಿಲ್ಲ, ಶಬ್ದಗಳ ಮಾತಂತೂ ಕೇಳಲೇಬೇಡಿ. ಒಂದೇ ಥರ ಕಾಣುವ ಎರಡು ಶಬ್ದ ಸಿಕ್ಕರೆ ಅವುಗಳ ಮನೆತನ ವಿಚಾರಿಸದೆ ಬಿಡುತ್ತಿರಲಿಲ್ಲ.

ನಾನು ಅವರ ಬಾಜೂಮನೆಯವಳು, ಅವರ ಕೈಯಲ್ಲೇ ಕಲಿತವಳು. ಒಮ್ಮೆ ಸುಣ್ಣದ ತಿಳಿನೀರಿಗೆ ಕೆಂಪು ಲಿಟ್ಮಸ್ ಅದ್ದಿದರು. ಅದು ನೀಲಿಯಾಯಿತು. ಇದು ಕ್ಷಾರ ಅಂದವರು ಅಲ್ಲಿಗೆ ನಿಲ್ಲಬೇಕಲ್ಲ?

"ಮೆಣಸಿನಕಾಯಿ ಖಾರ ಈ ಕ್ಷಾರದಿಂದನ ಹುಟ್ಟಿದ್ದು. ಸಂಸ್ಕೃತದ್ದು, ಸುಡೂದು ಅಂತ ಅರ್ಥ. ಕಾರಹುಣ್ಣಿವಿ ಕಾರ ಬ್ಯಾರೆ. ಅದು ನಮ್ಮ ಹಳಗನ್ನಡದ ಕಾರ್, ಕರಿ ಮೋಡ, ಮಳಿಗಾಲ. ಗವಾಯಿಗಳು 'ಆ' ಅಂತ ಬಾಯಿ ತೆರದು ಆಕಾರ ಹಾಡ್ತಾರಲ್ಲ, ಅಲ್ಲಿ ಕಾರ ಅಂದ್ರ ಬರೇ ಅಕ್ಷರ. ಮಾರಿ ನೋಡಿ ನಂಬಬ್ಯಾಡ್ರಿ, ಬೇರು ಕೇಳ್ರಿ."

ಪರೀಕ್ಷೆಗೆ ಇದರಲ್ಲಿ ಒಂದೂ ಬರಲಿಲ್ಲ.

ಎಂಬತ್ತನಾಲ್ಕರ ಬೇಸಿಗೆಯಲ್ಲಿ ಅವರ ಮಗಳು ಗೌರಕ್ಕನಿಗೆ ಮಿಶ್ರಿಕೋಟಿಯಿಂದ ಸಂಬಂಧ ಬಂತು. ಹುಡುಗ ಅವಳ ಮನಸ್ಸಿಗೆ ಬಂದಿದ್ದ, ನನ್ನ ಮುಂದೆ ಬಾಯಿಬಿಟ್ಟು ಹೇಳಿದ್ದಳು. ಆದರೆ ಅವನ ಅಡ್ಡಹೆಸರೂ ಹೊಸಮನಿ. ಎರಡೂ ಮನೆಯ ಬೆಡಗು, ಅಂದರೆ ವಂಶದ ಮೂಲ, ಒಂದೇ ಆದರೆ ಹುಡುಗ ಹುಡುಗಿ ಅಣ್ಣ ತಂಗಿಯಾಗುತ್ತಾರೆ. ಮಾಸ್ತರರ ತಲೆಯಲ್ಲಿ ಹುಳ ಹೊಕ್ಕಿತು.

ಇಂಥ ವಿಚಾರಣೆಗೆ ಹುಡುಗಿಯ ಸೋದರಮಾವ ಹೋಗಿ, ಬೀಗರ ಕಟ್ಟೆಯ ಮೇಲೆಯೇ ಕುಳಿತು, ಚಹಾ ಕುಡಿದು ಕೇಳುವುದು ನಮ್ಮ ಕಡೆಯ ರೀತಿ. ಹೆಂಡತಿ ರೇವವ್ವ ಅದನ್ನೇ ಹೇಳಿದಳು.

"ನಮ್ಮಣ್ಣನ್ನ ಕಳಸ್ರಿ."

"ನಿಮ್ಮಣ್ಣ ಅವರು ಹೇಳಿದ್ದಷ್ಟ ಕೇಳಿ ಬರ್ತಾನ," ಎಂದರು ಮಾಸ್ತರರು.

ಮೂರು ಐತವಾರ ಒಬ್ಬರೇ ಮಿಶ್ರಿಕೋಟಿಯ ಬಸ್ಸು ಹತ್ತಿದರು. ಹುಡುಗನ ಮನೆ ಬಿಟ್ಟು ಊರೆಲ್ಲ ಕೇಳಿದರು. ಹಿಟ್ಟಿನ ಗಿರಣಿ, ಕ್ಷೌರದ ಅಂಗಡಿ, ಕಾಸೀಮಸಾಬನ ಸೈಕಲ್ ಅಂಗಡಿ. ಅವರ ಹಿರಿಯರು ಎಲ್ಲಿಯವರು? ಹಳೆಯ ಊರು ಯಾಕೆ ಬಿಟ್ಟರು?

"ಇಷ್ಟ್ಯಾಕ ಕೆದರಾಕತ್ತೀರಿ ಮಾಸ್ತರ? ಏನರ ಐತೇನ್ರಿ?" ಎಂದ ಕಾಸೀಮಸಾಬ.

"ಸುಮ್ಮನ ಕೇಳಿದೆ."

ಈ 'ಸುಮ್ಮನ'ವನ್ನು ಯಾರು ನಂಬುತ್ತಾರೆ? ಕಾರಣ ಹೇಳಿದರೆ ಮಾತು ಮುಗಿಯುತ್ತಿತ್ತು. ಹೇಳಲು ಇವರಿಗೆ ಅವನ ಮೇಲೂ ನಂಬಿಗೆಯಿಲ್ಲ. ಊರು ತನಗೆ ತೋಚಿದ ಕಾರಣವನ್ನು ತಾನೇ ಹುಟ್ಟಿಸಿಕೊಂಡಿತು.

ಕೊನೆಗೆ ಆ ಊರಿನ ಮುದುಕ ಉಡಚಪ್ಪನಿಂದ ಗೊತ್ತಾಯಿತು: ಆ ಹೊಸಮನಿಯವರು ಅಣ್ಣಿಗೇರಿ ಕಡೆಯಿಂದ ಬಂದವರು, ಬೆಡಗು ಬೇರೆ, ಯಾವ ನಂಟೂ ಇಲ್ಲ. ಮಾಸ್ತರರು ನಗುತ್ತಲೇ ಮನೆಗೆ ಬಂದರು. ಅವರು ನಕ್ಕದ್ದನ್ನು ನಾನು ಕಂಡದ್ದೇ ಅಪರೂಪ.

"ಬೇರು ಬ್ಯಾರೆ ಐತಿ. ನಂದು ಒಪ್ಪಿಗಿ."

ರೇವವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹುಡುಗನ ತಂದೆ ಲಕ್ಷ್ಮಪ್ಪ ಮಧ್ಯಾಹ್ನವೇ ಬಂದು, ನೀರೂ ಮುಟ್ಟದೆ ಹೋಗಿದ್ದ. "ತಮ್ಮ ಹುಡಿಗ್ಯಾಗ ಏನೋ ಮುಚ್ಚಿಟ್ಟಾರ, ಅದಕ್ಕ ನಮ್ಮ ಮನಿ ಕೆದರಾಕತ್ತಾರ ಅಂತ ಊರೆಲ್ಲಾ ಮಾತಾಡ್ತೈತಿ. ನಮಗ ಈ ಸಂಬಂಧ ಬ್ಯಾಡ," ಅಂದಿದ್ದನಂತೆ.

ಮಾಸ್ತರರು ಚಪ್ಪಲಿಯಲ್ಲೇ ನಿಂತರು. "ನಾ ಬೇರಷ್ಟ ಕೇಳಿದ್ನಲ್ಲ..."

ನನ್ನ ಜೊತೆ ಜೋಳ ಹಸನು ಮಾಡುತ್ತಿದ್ದ ಗೌರಕ್ಕ ಮೊರ ಕೆಳಗಿಟ್ಟಳು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ.

"ನಿಮ್ಮ ಸಂಶಯ ಹ್ವಾತಲ್ಲಪ್ಪಾ. ಈಗ ಊರಿಗೆಲ್ಲಾ ನನ್ನ ಮ್ಯಾಲ ಬಂತು."