ಉದ್ಘಾಟಕರು ಬಿಡಿಸಿದ ಚಿತ್ರಗಳು

ನಮ್ಮ ಕಡೆ ಯಾವ ಕೆಲಸವೂ ಕೆಲಸ ಮಾಡುವವರಿಂದ ಆರಂಭವಾಗುವುದಿಲ್ಲ, ಆಮಂತ್ರಣ ಪತ್ರಿಕೆಯಿಂದ ಆರಂಭವಾಗುತ್ತದೆ. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ. ನಮ್ಮ ಕಾಪುವಿನಲ್ಲಿ ಒಂದು ಜೆರಾಕ್ಸ್ ಅಂಗಡಿ ತೆರೆದರೂ ದೀಪ ಬೆಳಗಿಸಲು ಐದು ಜನ ಬೇಕು. ಇದನ್ನು ಸಣ್ಣವನಿದ್ದಾಗಿನಿಂದ ನೋಡಿ ನಕ್ಕಿದ್ದೇನೆ. ಆದರೆ ಇದು ಜಪಾನಿನ ಒಂದು ಸ್ಟುಡಿಯೋದ ಚರಿತ್ರೆಯೊಳಗೂ ನುಗ್ಗೀತು ಎಂದು ಎಣಿಸಿರಲಿಲ್ಲ.

ಆಗ ನಾನು ಮಣಿಪಾಲದ ಒಂದು ಸಣ್ಣ ಆನಿಮೇಷನ್ ಸ್ಟುಡಿಯೋದಲ್ಲಿದ್ದೆ. ಜಪಾನಿನ ದೊಡ್ಡ ಸ್ಟುಡಿಯೋವೊಂದು ತನ್ನ ಬೆನ್ನು ಬಗ್ಗಿಸುವ ಕೆಲಸವನ್ನು ನಮಗೆ ಕೊಡುತ್ತಿತ್ತು. ಹುಡುಗಿಯೊಬ್ಬಳು ಕೊಡೆ ಬಿಚ್ಚುತ್ತಾಳೆ ಎನ್ನಿ. ಮುಚ್ಚಿದ ಕೊಡೆಯ ಚಿತ್ರ ಅಲ್ಲಿಂದ ಬರುತ್ತಿತ್ತು, ಬಿಚ್ಚಿದ್ದೂ ಬರುತ್ತಿತ್ತು. ನಡುವಿನ ಹದಿನೈದಿಪ್ಪತ್ತು ಚಿತ್ರಗಳು ನಮ್ಮವು. ಚೆನ್ನಾಗಿ ಬಿಡಿಸಿದರೆ ಯಾರೂ ಗಮನಿಸುವುದಿಲ್ಲ, ಕೆಡಿಸಿದರೆ ಎಲ್ಲರೂ ಗಮನಿಸುತ್ತಾರೆ. ನಾನು ಕೆಡಿಸುವ ಪೈಕಿ. ಹಾಗಾಗಿ ನನ್ನನ್ನು ಫೈಲು ಕಳಿಸುವ, ಪತ್ರ ಬರೆಯುವ ಕೆಲಸಕ್ಕೆ ಹಾಕಿದರು. ನಿಜವಾದ ಕೈ ಇದ್ದದ್ದು ಕಾರ್ಕಳದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹೆಂಗಸಿಗೆ. ನಮಗಿಂತ ದೊಡ್ಡವರು, ಎಲ್ಲರೂ ಅಕ್ಕ ಎನ್ನುತ್ತಿದ್ದೆವು. ಅವರು ಬಿಡಿಸಿದ ನೀರು ಹರಿಯುತ್ತಿತ್ತು, ನಮ್ಮದು ನಡುಗುತ್ತಿತ್ತು.

ಮಾಲಕರು ಪೆನ್ಸಿಲ್ ಹಿಡಿದದ್ದನ್ನು ನಾನು ನೋಡಿಲ್ಲ. ಬಂದವರಿಗೆಲ್ಲ ಗೋಡೆಯ ಮೇಲಿನ ಉದ್ಘಾಟನೆಯ ಫೋಟೋ ತೋರಿಸುವುದೇ ಅವರ ಉದ್ಯೋಗ.

ಒಂದು ದಿನ ಜಪಾನಿನಿಂದ ಪತ್ರ ಬಂತು. ಅವರು ತಮ್ಮ ಸ್ಟುಡಿಯೋದ ಚರಿತ್ರೆಯನ್ನು ಪುಸ್ತಕ ಮಾಡುತ್ತಿದ್ದರು. ಮೊದಲ ಅಧ್ಯಾಯದ ಇಂಗ್ಲಿಷ್ ಕರಡನ್ನೂ ಕಳಿಸಿದ್ದರು. ರೈಲು ನಿಲ್ದಾಣದ ಹಿಂದಿನ ಮರದ ಮನೆಯೊಂದರಲ್ಲಿ ಸ್ಟುಡಿಯೋ ಶುರುವಾದದ್ದು, ನೆರೆಮನೆಯ ಹೆಂಗಸರು ಅಡುಗೆ ಮುಗಿಸಿ ಬಂದು ಪಾರದರ್ಶಕ ಹಾಳೆಗಳಿಗೆ ಬಣ್ಣ ಹಚ್ಚುತ್ತಿದ್ದದ್ದು, ಎಲ್ಲ ಇತ್ತು. ಆ ಹೆಂಗಸರ ಹೆಸರೂ ಇತ್ತು, ಒಬ್ಬೊಬ್ಬರದೂ. ಆಮೇಲೆ ಕಂಪ್ಯೂಟರ್ ಬಂತು, ಕೆಲಸ ದೇಶ ದಾಟಿತು, ಕೊನೆಯ ಅಧ್ಯಾಯಕ್ಕೆ ನಾವು. ನಿಮ್ಮಲ್ಲಿ ಈ ಕೆಲಸದಲ್ಲಿ ಪಾಲ್ಗೊಂಡ ಐದು ಜನರ ಹೆಸರು ಕಳಿಸಿ, ಅವರಲ್ಲಿ ಒಬ್ಬರನ್ನು ಮೂರು ತಿಂಗಳು ನಮ್ಮ ಹಿರಿಯ ಕಲಾವಿದರ ಪಕ್ಕ ಕೂರಿಸಿ ಕಲಿಸುತ್ತೇವೆ ಎಂದು ಬರೆದಿದ್ದರು.

ಅಕ್ಕ ಆ ಪತ್ರವನ್ನು ಎರಡು ಸಲ ಓದಿದರು. "ನಂಗೆ ಹೋಗ್ಲಿಕ್ಕುಂಟು ಅಂತ ಕಾಣ್ತದೆ, ಅಲ್ವಾ?" ಎಂದು ನನ್ನನ್ನು ಕೇಳಿದರು. ಅದೇ ವಾರ ಉಡುಪಿಯಲ್ಲಿ ಫೋಟೋ ತೆಗೆಸಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದರು. ಅಷ್ಟು ದೂರ ಎಂತಕ್ಕೆ ಎಂದ ಅತ್ತೆಯನ್ನೂ ಹೇಗೋ ಒಪ್ಪಿಸಿದ್ದರು.

ಮಾಲಕರು ಬರೆಸಿದ ಪಟ್ಟಿ ಬೇರೆಯೇ. ಸ್ಟುಡಿಯೋವನ್ನು ಉದ್ಘಾಟಿಸಿದ್ದ ಗೇರುಬೀಜ ಕಾರ್ಖಾನೆಯ ಯಜಮಾನರು, ಅಂದು ಅಧ್ಯಕ್ಷತೆ ವಹಿಸಿದ್ದ ಸಹಕಾರಿ ಸಂಘದ ಹಿರಿಯರು, ಇಬ್ಬರು ಮುಖ್ಯ ಅತಿಥಿಗಳು, ಕೊನೆಗೆ ವಿನಯದಿಂದ ತಾವು.

"ಸರ್, ಅವರು ಕೇಳಿದ್ದು ಚಿತ್ರ ಬಿಡಿಸಿದವರನ್ನು" ಎಂದೆ.

"ನಿಂಗೆ ಗೊತ್ತಾಗುದಿಲ್ಲ ಮಾರಾಯ. ದೀಪ ಹಚ್ಚಿದವರನ್ನು ಬಿಟ್ಟು ಸಂಬಳದವರ ಹೆಸರು ಹಾಕಿದ್ರೆ ನಾಳೆ ಅವರ ಮುಖ ನೋಡ್ಲಿಕ್ಕುಂಟಾ?"

ಇದು ಕುತಂತ್ರವಾಗಿದ್ದರೆ ಸ್ವಲ್ಪ ಮರ್ಯಾದೆ ಕೊಡುತ್ತಿದ್ದೆ. ಅಲ್ಲ, ಮನುಷ್ಯ ಅದನ್ನು ಮನಸಾರೆ ನಂಬಿದ್ದ. ಚರಿತ್ರೆ ಎಂದರೆ ಅವನ ಪಾಲಿಗೆ ವೇದಿಕೆಯ ಮೇಲೆ ಕೂತವರ ಸಾಲು.

ಜಪಾನಿನವರು ಪಾಪ, ನಂಬುವ ಜನ. ಪುಸ್ತಕ ಬಂದಾಗ ಗೇರುಬೀಜದ ಯಜಮಾನರು ಅದರಲ್ಲಿ ನೀರು, ಕೊಡೆ, ಹಕ್ಕಿಗಳ ಚಿತ್ರಕಾರರಾಗಿ ಅಚ್ಚಾಗಿದ್ದರು. ತರಬೇತಿಗೂ ಪಟ್ಟಿಯ ಮೊದಲನೆಯವರೆಂದು ಅವರನ್ನೇ ಕರೆದರು. ಒಂದೇ ಷರತ್ತು, ಅವರ ಕೈಯಾರೆ ಬಿಡಿಸಿದ ಇಪ್ಪತ್ತು ಚಿತ್ರಗಳನ್ನು ಮೊದಲು ಕಳಿಸಬೇಕು. ಈಗ ಸಿಕ್ಕಿಬಿದ್ದರು ಎಂದು ನಾನು ಒಳಗೊಳಗೇ ಕುಣಿದೆ. ಆದರೆ ಯಜಮಾನರಿಗೆ ಜಪಾನು ನೋಡುವ ಆಸೆ. "ಒಂದು ವಾರ ಇದ್ದು, ಹವೆ ಹಿಡಿಸುದಿಲ್ಲ ಅಂತ ಹೇಳಿ ಬಂದ್ರಾಯ್ತು" ಎಂದರು ಮಾಲಕರು. ನೇರ ಅಕ್ಕನ ಮೇಜಿಗೆ ಹೋಗಿ, "ನೀವೊಂದು ಇಪ್ಪತ್ತು ಚಿತ್ರ ಮಾಡಿ ಕೊಡಿ, ಆಯ್ತಾ? ಚಂದದ್ದು" ಎಂದರು. ನಾಚಿಕೆ ಎಂಬುದು ಆ ಮುಖದ ಹತ್ತಿರವೂ ಸುಳಿಯಲಿಲ್ಲ.

ಅಕ್ಕ ಬಿಡಿಸಿದರು. ಒಂದು ಕೈ ಬಾಗಿಲಿನ ಚಿಲಕ ತೆಗೆಯುವುದು, ಅಷ್ಟೇ. ಅಂಥ ಕೈಯನ್ನು ನಾನು ಬೇರೆಲ್ಲೂ ನೋಡಿಲ್ಲ. ಮುಗಿಸಿ ನನ್ನ ಬಳಿ ಬಂದು ಮೆಲ್ಲಗೆ ಹೇಳಿದರು: "ಕಳಿಸುದು ನೀನಲ್ವಾ? ಇದನ್ನು ಬಿಡಿಸಿದ್ದು ನಾನು ಅಂತ ಅಡಿಯಲ್ಲಿ ಒಂದು ಸಾಲು ಬರಿ ಮಾರಾಯ. ಅವರಿಗೆ ಗೊತ್ತಾದ್ರೆ ಸಾಕು, ಮತ್ತೆ ಅವರೇ ಕರೀತಾರೆ."

"ಆಯ್ತು ಅಕ್ಕ" ಎಂದೆ.

ಮರುದಿನ ಬೆಳಿಗ್ಗೆ ಮಾಲಕರು ನನ್ನ ಹಿಂದೆ ನಿಂತಿರಲಿಲ್ಲ, ಆ ದಿನ ಅವರು ಊರಲ್ಲೇ ಇರಲಿಲ್ಲ. ಸಾಲು ಬರೆಯಬಹುದಿತ್ತು. ನನಗೆ ಹೆದರಿಕೆಯಾಯಿತು. ಇಪ್ಪತ್ತು ಚಿತ್ರಗಳ ಅಡಿಯಲ್ಲೂ ಉದ್ಘಾಟಕರ ಹೆಸರು ಟೈಪ್ ಮಾಡಿ ಕಳಿಸಿದೆ.

"ಕಳಿಸಿದ್ಯಾ?" ಎಂದು ಅಕ್ಕ ಕೇಳಿದರು. ಕಳಿಸಿದೆ ಎಂದೆ. ಸುಳ್ಳೇನಲ್ಲ. ಸಂಜೆ ಅವರು ಹೋಟೆಲಿನಿಂದ ಬಿಸಿ ಗೋಳಿಬಜೆ ತಂದು ನನ್ನ ಮೇಜಿನ ಮೇಲಿಟ್ಟರು, ಪಾಸ್‌ಪೋರ್ಟನ್ನೂ ತೆಗೆದು ತೋರಿಸಿದರು. ಫೋಟೋ ಚಂದ ಬಂದಿದೆ ಎಂದು ಹೇಳುತ್ತಾ ಅಷ್ಟನ್ನೂ ನಾನೇ ತಿಂದೆ.